ಸಹಬಾಳ್ವೆ: ಒಂದು ಪದದ ವಿಚಾರ

(ಶ್ರೀಮಠದ ಜುಬಿಲಿ ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸ)

 

ತೇರಿನ ದಿನ ಭಕ್ತರು ತೇರಿಗೆ ಎಸೆದ ಉತ್ತತ್ತಿಯನ್ನು ಕೈಗೆ ಸಿಕ್ಕವರು ಆಯ್ದುಕೊಳ್ಳುವರು; ಅದನ್ನು ಎಸೆದವರಾರು, ಅದು ಯಾವ ನಾಡಿನಿಂದ ಬಂದಿತು ಎಂದು ಯಾರೂ ವಿಚಾರಿಸುವದಿಲ್ಲ. ಸಭೆಗಳಲ್ಲಿ ಬಳಕೆಯಾಗುವ ಕೆಲವು ಮಾತುಗಳ ಗತಿಯೂ ಹೀಗೆಯೇ ಆಗಿರುವದು. ‘ಸಹಬಾಳ್ವೆ’ಯೆಂಬುದು ಅಂಥ ಮಾತುಗಳಲ್ಲೊಂದು. ಮಠದ ಸಭೆಯಲ್ಲಿಯೂ ಶಾಲೆಯ ಪಾಠದಲ್ಲಿಯೂ ರಾಜಕಾರಣಿಗಳ ಭಾಷಣದಲ್ಲಿಯೂ ಅದು ಕೇಳಿಬರುವದು. ಊರಿನಲ್ಲಿ ಗಲಭೆಯಾದ ಮರುದಿನವಂತೂ ಎಲ್ಲರ ಬಾಯಲ್ಲಿಯೂ ಅದೇ. ಆದರೆ ಈ ಪದದ ಕಟ್ಟು ಎಂಥದು, ಅದರ ಅರ್ಥವೇನು, ಅದನ್ನು ಆಡಿದವನ ಮೇಲೆ ಬೀಳುವ ಹೊಣೆಯೇನು ಎಂಬುದನ್ನು ವಿಚಾರಿಸುವವರು ವಿರಳ. ಶಬ್ದವನ್ನು ತಿಳಿಯದೆ ಆಡಿದವನಿಗೆ ಅರ್ಥವು ಒಲಿಯದೆಂಬುದು ಹಿರಿಯರ ಮತ. ಆದಕಾರಣ ಈ ಒಂದು ಪದವನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ.

ಮೊದಲು ಪದದ ಕಟ್ಟನ್ನು ನೋಡುವದು ಉಚಿತ. ‘ಸಹ’ ಎಂಬುದು ಸಂಸ್ಕೃತದ ಅವ್ಯಯ. ‘ಬಾಳ್ವೆ’ಯೆಂಬುದು ಅಚ್ಚಗನ್ನಡದ ಮಾತು, ‘ಬಾಳ್’ ಎಂಬ ಧಾತುವಿನಿಂದ ಹುಟ್ಟಿದ ಭಾವನಾಮ. ಸಂಸ್ಕೃತವನ್ನೂ ಕನ್ನಡವನ್ನೂ ಹೀಗೆ ಕೂಡಿಸಿ ಮಾಡಿದ ಸಮಾಸಕ್ಕೆ ವ್ಯಾಕರಣಕಾರರು ಇಟ್ಟ ಹೆಸರು ‘ಅರಿಸಮಾಸ’. ಅರಿಯೆಂದರೆ ಶತ್ರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಕೂಟವನ್ನು ದೋಷವೆಂದೇ ಎಣಿಸಿ, ಬಿರುದಾವಳಿಗಳಲ್ಲಿ ಬಂದವನ್ನೂ ಹಿಂದಿನ ಕವಿಗಳು ಬಳಸಿದವನ್ನೂ ಮಾತ್ರ ಒಪ್ಪಿಕೊಂಡನು. ಅವನಿಗಿಂತ ನಾಲ್ಕು ಶತಮಾನಗಳ ಹಿಂದೆ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಈ ಬೆರಕೆಯನ್ನು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿತು. ಮುಳುಗುಂದದ ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತದಲ್ಲಿ, ಸಂಸ್ಕೃತವನ್ನು ಕನ್ನಡಕ್ಕೆ ಬೆರಸುವದು ತುಪ್ಪವನ್ನು ಎಣ್ಣೆಗೆ ಬೆರಸಿದಂತೆಂದು ಹಾಸ್ಯಮಾಡಿದನು.

ಎಂದ ಮೇಲೆ ಸೌಹಾರ್ದವನ್ನು ಸಾರುವ ಪದವೇ ಶಾಸ್ತ್ರದ ಕಣ್ಣಿನಲ್ಲಿ ಶತ್ರುಸಮಾಸವಾಯಿತು! ಪಾಠಶಾಲೆಯ ವಿದ್ಯಾರ್ಥಿಗಳು ಇದನ್ನು ಕೇಳಿ ನಗುವದು ಸಹಜ. ಆದರೆ ನಗುವದಕ್ಕಿಂತ ಹೆಚ್ಚಿನ ಪಾಠವೊಂದು ಇದರಲ್ಲಿ ಉಂಟು. ವ್ಯಾಕರಣವು ಬೇಡವೆಂದರೂ ಜನವು ಕೇಳಲಿಲ್ಲ. ‘ಮಳೆ’ ಕನ್ನಡ, ‘ಕಾಲ’ ಸಂಸ್ಕೃತ; ಆದರೂ ‘ಮಳೆಗಾಲ’ವೆನ್ನದ ಒಕ್ಕಲಿಗನಿಲ್ಲ. ‘ದಿನ’ ಸಂಸ್ಕೃತ, ‘ಕೂಲಿ’ ದೇಶ್ಯ; ‘ದಿನಗೂಲಿ’ಯೆಂಬ ಮಾತಿಲ್ಲದೆ ಬಡವನ ಲೆಕ್ಕವೇ ನಡೆಯದು. ಇವೆಲ್ಲಕ್ಕೂ ಮಿಗಿಲಾಗಿ, ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಶರಣರು ಇಟ್ಟ ಹೆಸರು ‘ಮಹಾಮನೆ’. ‘ಮಹಾ’ ಎಂಬುದು ಸಂಸ್ಕೃತ, ‘ಮನೆ’ಯೆಂಬುದು ಅಚ್ಚಗನ್ನಡ. ಯಾವ ಮನೆಯ ಹೊಸ್ತಿಲನ್ನು ಅಂಬಿಗನೂ ಮಡಿವಾಳನೂ ಮಾದಾರನೂ ಮಂತ್ರಿಯೂ ಸಮನಾಗಿ ದಾಟಿದರೋ ಆ ಮನೆಯ ಹೆಸರೂ ಎರಡು ನುಡಿಗಳ ಕೂಟವೇ. ಬೇರೆಬೇರೆ ಕುಲದ ಎರಡು ಮಾತುಗಳು ಒಂದೇ ಪದದಲ್ಲಿ ನೆಲೆನಿಂತು, ಕೇಳಿದವರ ಕಿವಿಗೆ ಒಡಕು ತೋರದೆ ಉಳಿದವೆಂದರೆ, ಆ ಪದವು ತನ್ನ ಅರ್ಥವನ್ನು ತಾನೇ ನಡೆದು ತೋರಿಸಿದಂತಾಯಿತು.

ಮಾತಿನ ಬೆರಕೆಯನ್ನು ಅಷ್ಟು ಕಟುವಾಗಿ ಜರೆದ ಕವಿರಾಜಮಾರ್ಗವು ಮನುಷ್ಯರ ವಿಷಯದಲ್ಲಿ ಎಷ್ಟು ಉದಾರವಾಗಿತ್ತೆಂಬುದನ್ನೂ ಇಲ್ಲಿಯೇ ನೆನೆಯತಕ್ಕದ್ದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯೇ ನಿಜವಾದ ಬಂಗಾರವೆಂಬ ಅಭಿಪ್ರಾಯವನ್ನು ಹೇಳಿದ್ದು ಆ ಗ್ರಂಥವೇ. ಹಾಲು ಮಜ್ಜಿಗೆಗಳು ಬೇರೆಯಾಗಿರಲೆಂದು ಬಯಸಿದವರು, ನೆರೆಯವರು ಬೇರೆಯಾಗಿದ್ದರೂ ಒಡನಿರಲೆಂದು ಬಯಸಿದರು. ಈ ಎರಡು ಬಯಕೆಗಳಲ್ಲಿ ವಿರೋಧವಿಲ್ಲವೆಂಬುದು ಮುಂದಿನ ವಿಚಾರದಿಂದ ತಿಳಿದುಬರುವದು.

ಇನ್ನು ‘ಸಹ’ ಎಂಬ ಅವ್ಯಯದ ವಿಚಾರ. ಸಂಸ್ಕೃತದಲ್ಲಿ ಇದರೊಡನೆ ಬರುವ ನಾಮಪದಕ್ಕೆ ತೃತೀಯಾ ವಿಭಕ್ತಿಯನ್ನು ಪಾಣಿನಿಯು ವಿಧಿಸಿರುವನು. ಆ ತೃತೀಯೆಯು ಅಪ್ರಧಾನವಾದುದಕ್ಕೆ ಮಾತ್ರ ಬರುವದೆಂದೂ ಹೇಳಿರುವನು. ‘ಮಗನೊಡನೆ ತಂದೆ ಬಂದನು’ ಎಂಬಲ್ಲಿ ಬಂದವರು ಇಬ್ಬರು. ಆದರೆ ಕ್ರಿಯೆಯು ತಂದೆಯನ್ನು ಹಿಡಿದು ನಿಂತಿದೆ. ತಂದೆ ಪ್ರಧಾನನು, ಮಗನು ಅವನ ಜೊತೆಗಾರನು. ಕನ್ನಡಕ್ಕೆ ಬಂದ ಮೇಲೆ ಈ ‘ಸಹ’ವು ಇನ್ನೊಂದು ಅರ್ಥವನ್ನು ಪಡೆಯಿತು. ‘ಅವರು ಸಹ ಇರಲಿ’ ಎಂದು ಕನ್ನಡಿಗನು ಹೇಳಿದರೆ ‘ಅವರೂ ಇರಲಿ’ ಎಂದೇ ತಾತ್ಪರ್ಯ. ಇಲ್ಲಿಯೇ ಸೂಕ್ಷ್ಮವಿರುವದು. ‘ಊರು ಇವರದು, ಅವರೂ ಸಹ ಬಾಳಿಕೊಂಡಿರಲಿ’ ಎಂಬ ಮಾತಿನಲ್ಲಿ ಒಬ್ಬನು ಮನೆಯ ಯಜಮಾನ, ಇನ್ನೊಬ್ಬನು ಪಡಸಾಲೆಯಲ್ಲಿ ಇಳಿದುಕೊಂಡ ಪರಸ್ಥಳದವ. ಯಜಮಾನನ ಮನಸ್ಸು ಬದಲಾದ ದಿನ ಆ ಇರವಿಗೂ ಕೊನೆ. ಇಂಥ ಕನಿಕರವನ್ನು ಸಹಬಾಳ್ವೆಯೆಂದು ಕರೆಯುವವರು ಉಂಟು. ಆದರೆ ಪದವು ಹಾಗೆ ಹೇಳುವದಿಲ್ಲ. ಸಮಾಸದಲ್ಲಿ ಸೇರಿದ ‘ಸಹ’ಕ್ಕೆ ತೃತೀಯೆಯಲ್ಲಿ ನಿಂತ ಬೇರೊಂದು ಪದವಿಲ್ಲ; ಪ್ರಧಾನನು ಯಾರು, ಅಪ್ರಧಾನನು ಯಾರು ಎಂಬ ಹೆಸರೇ ಅಲ್ಲಿಲ್ಲ. ಇರುವದು ಬಾಳ್ವೆಯೊಂದೇ. ಅದು ಒಡನೆ ನಡೆಯುವದು; ಒಬ್ಬನು ಕೊಟ್ಟು ಇನ್ನೊಬ್ಬನು ಪಡೆಯುವಂಥದಲ್ಲ.

ಪಾಠಾರಂಭದಲ್ಲಿ ಗುರುಶಿಷ್ಯರು ಕೂಡಿ ಹೇಳುವ ತೈತ್ತಿರೀಯದ ಶಾಂತಿಪಾಠದಲ್ಲಿ ‘ಸಹ’ ಶಬ್ದವು ಮೂರು ಸಲ ಬರುವದು. ಇಬ್ಬರಿಗೂ ರಕ್ಷಣೆ, ಇಬ್ಬರಿಗೂ ಪೋಷಣೆ, ಇಬ್ಬರೂ ಕೂಡಿ ಮಾಡುವ ಸಾಧನೆ ಎಂದು ಬೇಡಿ, ಕಟ್ಟಕಡೆಗೆ ತಮ್ಮಲ್ಲಿ ದ್ವೇಷವುಂಟಾಗದಿರಲಿ ಎಂದು ಬೇಡುವರು. ವಿಚಾರಿಸಿದರೆ ಇದು ಆಶ್ಚರ್ಯಕರವಾದ ಪ್ರಾರ್ಥನೆ. ಶತ್ರುಗಳು ಇದನ್ನು ಬೇಡಿಕೊಳ್ಳುವದಲ್ಲ. ಒಂದೇ ಚಾಪೆಯ ಮೇಲೆ ಎದುರುಬದುರು ಕುಳಿತ ಗುರುವೂ ಶಿಷ್ಯನೂ ಬೇಡಿಕೊಳ್ಳುವರು. ದ್ವೇಷದ ಭಯವು ದೂರದವರಿಗಿಂತ ಹತ್ತಿರದವರಿಗೇ ಹೆಚ್ಚೆಂಬುದನ್ನು ಋಷಿಗಳು ಅರಿತಿದ್ದರು. ಕಾಣದ ದೇಶದವನೊಡನೆ ಯಾರಿಗೂ ಜಗಳವಿಲ್ಲ. ಜಗಳವಿರುವದು ಬದುವಿನ ಆಚೆಯ ಹೊಲದವನೊಡನೆ, ಒಂದೇ ಗೋಡೆಯನ್ನು ಹಂಚಿಕೊಂಡವನೊಡನೆ, ಒಂದೇ ಹಾದಿಯಲ್ಲಿ ಬೇರೊಂದು ದೇವರ ಮೆರವಣಿಗೆಯನ್ನು ತೆಗೆಯುವವನೊಡನೆ. ಆದ್ದರಿಂದ ಸಹಬಾಳ್ವೆಯು ದಿನದಿನವೂ ಬೇಡಿ ಪಡೆಯತಕ್ಕ ವಸ್ತುವಲ್ಲದೆ, ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿ ಇಡತಕ್ಕದ್ದಲ್ಲ.

ಇನ್ನು ‘ಬಾಳ್ವೆ’. ಕನ್ನಡದಲ್ಲಿ ‘ಬದುಕು’ ಬೇರೆ, ‘ಬಾಳು’ ಬೇರೆ. ಹೊಳೆಯಲ್ಲಿ ಬಿದ್ದವನು ಬದುಕಿದನೆನ್ನುವರು, ಬಾಳಿದನೆನ್ನುವದಿಲ್ಲ. ಪ್ರಾಣ ಉಳಿದರೆ ಬದುಕು. ಉಳಿದ ಪ್ರಾಣಕ್ಕೆ ನೆಲೆಯೂ ಮಾನವೂ ಮುಂದುವರಿಕೆಯೂ ದೊರೆತರೆ ಬಾಳು. ಹಿರಿಯರು ಹರಸುವಾಗ ‘ನೂರು ಕಾಲ ಬಾಳು’ ಎನ್ನುವರು. ಬಹುದಿನ ತಾಳುವ ಬಟ್ಟೆಗೆ ‘ಬಾಳಿಕೆ’ ಉಂಟೆನ್ನುವರು. ಉತ್ತರದ ಜಿಲ್ಲೆಗಳಲ್ಲಿ ಹೆಣ್ಣುಮಗಳು ಗಂಡನ ಮನೆಯಲ್ಲಿ ಸಂಸಾರ ಹೂಡುವದಕ್ಕೆ ‘ಬಾಳೇವು ಮಾಡುವದು’ ಎಂದೇ ಹೆಸರು. ಈ ಅರ್ಥಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಒಬ್ಬರನ್ನೊಬ್ಬರು ಕೊಲ್ಲದೆ ಬಿಟ್ಟರೆ ಅದು ಸಹಬದುಕಾದೀತು, ಸಹಬಾಳ್ವೆಯಾಗಲಾರದು. ನೆರೆಯವನ ಮನೆಯ ದೀಪವು ಹೊತ್ತಿರುವದು ತನ್ನ ಮನೆಗೂ ಬೆಳಕೆಂದು ತಿಳಿದಾಗ ಮಾತ್ರ ಬಾಳ್ವೆ.

ಇಲ್ಲಿ ಮಠದ ಪರಂಪರೆಗೆ ಸೇರಿದ ಇನ್ನೊಂದು ಪದದ ವಿಚಾರವು ಪ್ರಾಪ್ತವಾಗುವದು. ಅದಾವದೆಂದರೆ ‘ಸಾಮರಸ್ಯ’. ಸಮವಾದ ರಸವುಳ್ಳದ್ದು ಸಮರಸ, ಅದರ ಭಾವವು ಸಾಮರಸ್ಯ. ಭಾವಾರ್ಥದ ಪ್ರತ್ಯಯವು ಅದರಲ್ಲಿ ಆಗಲೇ ಇರುವದರಿಂದ ‘ಸಾಮರಸ್ಯತೆ’ಯೆಂದು ಬರೆಯುವದು ಪೇಟದ ಮೇಲೆ ಟೊಪ್ಪಿಗೆಯನ್ನಿಟ್ಟಂತೆ, ‘ಐಕ್ಯತೆ’ಯ ಗತಿಯೂ ಅದೇ. ಇಂದು ಪತ್ರಿಕೆಗಳಲ್ಲಿ ‘ಕೋಮು ಸಾಮರಸ್ಯ’ವೆಂಬ ಮಾತು ಸಹಬಾಳ್ವೆಗೆ ಪರ್ಯಾಯವಾಗಿ ನಡೆದಿದೆ. ಆದರೆ ಷಟ್‌ಸ್ಥಲ ಶಾಸ್ತ್ರದಲ್ಲಿ ಸಾಮರಸ್ಯವೆಂದರೆ ಲಿಂಗಾಂಗ ಸಾಮರಸ್ಯ. ಭಕ್ತಸ್ಥಲದಿಂದ ಹೊರಟ ಸಾಧಕನು ಮಾಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳನ್ನು ದಾಟಿ ಐಕ್ಯಸ್ಥಲದಲ್ಲಿ ಪಡೆಯತಕ್ಕ ನೆಲೆಯದು. ಉಪ್ಪು ನೀರಿನಲ್ಲಿ ಕರಗಿದ ಮೇಲೆ ಇದು ಉಪ್ಪು, ಇದು ನೀರು ಎಂದು ವಿಂಗಡಿಸಲಾಗದು; ಕರ್ಪೂರವು ಉರಿಯನ್ನು ಅಪ್ಪಿದ ಮೇಲೆ ಕರ್ಪೂರವೆಂಬುದು ಉಳಿಯದು. ಅಂಗವು ಲಿಂಗದಲ್ಲಿ ಹೀಗೆ ಕರಗುವದೇ ಪರಮಪುರುಷಾರ್ಥ.

ಈ ಕರಗುವಿಕೆಯನ್ನು ಜೀವನು ಶಿವನಲ್ಲಿ ಬಯಸಿದರೆ ಮುಕ್ತಿ. ನೆರೆಯವನು ತನ್ನಲ್ಲಿ ಕರಗಲಿ ಎಂದು ಮನುಷ್ಯನು ಬಯಸಿದರೆ ಅದು ಮುಕ್ತಿಯೂ ಅಲ್ಲ, ಸ್ನೇಹವೂ ಅಲ್ಲ, ಆಕ್ರಮಣ. ದೇವರ ಮುಂದೆ ಕಳೆದುಕೊಳ್ಳತಕ್ಕ ಭೇದವನ್ನು ಮನುಷ್ಯರ ನಡುವೆ ಬಲಾತ್ಕಾರದಿಂದ ಅಳಿಸಹೋದಾಗಲೆಲ್ಲ ಲೋಕದಲ್ಲಿ ರಕ್ತವು ಹರಿದಿದೆ. ಆದ್ದರಿಂದ ಒಳಗಣ ಸಾಧನೆಗೆ ಸಾಮರಸ್ಯವೆಂಬ ಪದವೂ, ಹೊರಗಣ ಲೋಕವ್ಯವಹಾರಕ್ಕೆ ಸಹಬಾಳ್ವೆಯೆಂಬ ಪದವೂ ಸಲ್ಲುವದು ಯುಕ್ತ. ಇವೆರಡಕ್ಕೂ ಒಂದೇ ಜೀವನದಲ್ಲಿ ನಿದರ್ಶನವು ಬೇಕೆಂದರೆ ಶಿಶುನಾಳದ ಶರೀಫಸಾಹೇಬರನ್ನು ನೋಡಬಹುದು. 1819ರಲ್ಲಿ ಜನಿಸಿ 1889ರಲ್ಲಿ ಶಿವಾಧೀನರಾದ ಅವರು ಮುಸಲ್ಮಾನ ಮನೆತನದವರು. ಅವರ ಗುರುಗಳಾದ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಆ ಗುರುಶಿಷ್ಯರ ನಡುವೆ ಇದ್ದುದು ಸಾಮರಸ್ಯ. ಅದನ್ನು ಊರಿನವರೆಲ್ಲರೂ ಪಡೆಯಬೇಕೆಂದು ಹೇಳುವದು ಸಾಧ್ಯವಿಲ್ಲ. ಆದರೆ ಆ ಇಬ್ಬರನ್ನು ನಿಂದಿಸದೆ ನಡೆಯಗೊಡುವದು ಊರಿನವರ ಕರ್ತವ್ಯ, ಅದು ಸಹಬಾಳ್ವೆ. ಇಂದು ಶಿಶುನಾಳದ ಗದ್ದುಗೆಗೆ ಎರಡೂ ಮತದವರು ತಮ್ಮತಮ್ಮ ಪದ್ಧತಿಯಂತೆ ನಡೆದುಕೊಳ್ಳುವರು. ಯಾರ ಪದ್ಧತಿಯೂ ಯಾರಲ್ಲಿಯೂ ಕರಗಿಲ್ಲ.

ಪದದ ವಿಚಾರವು ಶಿಲೆಯ ಸಾಕ್ಷ್ಯವಿಲ್ಲದೆ ಪೂರ್ಣವಾಗದು. ಕನ್ನಡ ನಾಡಿನ ಶಾಸನಗಳಲ್ಲಿ ಎರಡನ್ನು ಇಲ್ಲಿ ಸ್ಮರಿಸತಕ್ಕದ್ದು. ಮೊದಲನೆಯದು 1368ರಲ್ಲಿ ವಿಜಯನಗರದ ಬುಕ್ಕರಾಯನು ಹಾಕಿಸಿದ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ ಜೈನರು ರಾಯನಲ್ಲಿ ಮೊರೆಯಿಟ್ಟರು. ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನದರ್ಶನಕ್ಕೆ ಬಂದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ತಿಳಿಯಬೇಕೆಂದೂ ಕಟ್ಟುಮಾಡಿದನು. ಜೈನರಿಗೆ ಹಿಂದಿನಿಂದ ಸಲ್ಲುತ್ತಿದ್ದ ಪಂಚಮಹಾವಾದ್ಯಗಳೂ ಕಲಶವೂ ಮುಂದೆಯೂ ಸಲ್ಲಲೆಂದನು. ಅಷ್ಟಕ್ಕೇ ಬಿಡದೆ, ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸುವದೆಂದೂ, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸುವದೆಂದೂ ನಿಬಂಧನೆಮಾಡಿ, ಅದರ ಉಸ್ತುವಾರಿಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವಮುಖ್ಯನಿಗೇ ವಹಿಸಿದನು. ಸಹಬಾಳ್ವೆಯೆಂದರೆ ಉಪದೇಶ ಮಾತ್ರವಲ್ಲ. ಅದಕ್ಕೆ ಕಾವಲೂ ಬೇಕು, ಹಣವೂ ಬೇಕು, ಸುಣ್ಣವೂ ಬೇಕು, ಹೊಣೆಗಾರನೂ ಬೇಕು ಎಂಬುದು ಆ ರಾಯನಿಗೆ ತಿಳಿದಿತ್ತು.

ಎರಡನೆಯದು ವೀರಶೈವರಿಗೆ ನೇರವಾಗಿ ಸಂಬಂಧಿಸಿದುದು. ಹಳೇಬೀಡಿನಲ್ಲಿ 1133ರಲ್ಲಿ ಕಟ್ಟಲ್ಪಟ್ಟ ವಿಜಯಪಾರ್ಶ್ವನಾಥ ಬಸದಿಯುಂಟು. ಅದರ ಕಂಬಗಳು ಕನ್ನಡಿಯಂತೆ ಹೊಳಪುಳ್ಳವು. 1638ರ ಶಾಸನದಂತೆ, ವೀರಶೈವನೊಬ್ಬನು ಆ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ಜೈನನೊಬ್ಬನು ಅದನ್ನು ಅಳಿಸಿದನು. ಇಂಥ ಸಂಗತಿಯಿಂದ ಊರುಗಳು ಉರಿದುಹೋದುದುಂಟು. ಅಲ್ಲಿ ಹಾಗಾಗಲಿಲ್ಲ. ವೀರಶೈವರ ಮಹಾಮಹತ್ತಿನವರೂ ಜೈನಪ್ರಮುಖರೂ ಕೂಡಿ ಕುಳಿತು ತೀರ್ಮಾನಕ್ಕೆ ಬಂದರು. ಮೊದಲು ವಿಭೂತಿವೀಳ್ಯಗಳನ್ನು ಸಲ್ಲಿಸಿ, ಆ ಮೇಲೆ ಜೈನರು ತಮ್ಮ ಪೂಜೆ ಪುರಸ್ಕಾರಗಳನ್ನು ಪೂರ್ವಮರ್ಯಾದೆಯಂತೆ ಆಚಂದ್ರಾರ್ಕವಾಗಿ ನಡೆಸಿಕೊಂಡು ಬರತಕ್ಕದ್ದೆಂದು ಒಪ್ಪಂದವಾಯಿತು. ಶಾಸನದ ಕೊನೆಯಲ್ಲಿರುವ ಶಾಪವು ಜೈನರ ಮೇಲಲ್ಲ. ಈ ಜಿನಧರ್ಮಕ್ಕೆ ಅಡ್ಡಿಮಾಡಿದ ವೀರಶೈವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ವಿಭೂತಿರುದ್ರಾಕ್ಷಿಗಳಿಗೆ ತಪ್ಪಿದವನು ಎಂದು ವೀರಶೈವರೇ ತಮ್ಮವರ ಮೇಲೆ ಇಟ್ಟುಕೊಂಡ ಆಣೆಯದು. ಪರರಿಗೆ ಬುದ್ಧಿಹೇಳುವದು ಸುಲಭ. ತನ್ನವರಿಗೆ ಆಣೆಯಿಡುವದು ಕಠಿಣ. ಆ ಕಠಿಣವಾದುದನ್ನು ಹಳೇಬೀಡಿನ ಹಿರಿಯರು ಮಾಡಿದರು.

ಆದರೆ ಸತ್ಯವನ್ನು ಅರ್ಧವಾಗಿ ಹೇಳತಕ್ಕದ್ದಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದುಂಟು. ಏಕಾಂತದ ರಾಮಯ್ಯನು ಜೈನರೊಡನೆ ಪಂಥಕಟ್ಟಿ, ತಲೆಯನ್ನರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದು, ಬಳಿಕ ಜಿನಬಿಂಬವನ್ನು ಒಡೆದ ವೃತ್ತಾಂತವು ಅದರಲ್ಲಿದೆ. ಭಕ್ತಿಯ ಪವಾಡವೆಂದು ಅದನ್ನು ಕೊಂಡಾಡುವವರು, ಒಡೆದ ಬಿಂಬವನ್ನು ಪೂಜಿಸುತ್ತಿದ್ದವರ ಕಣ್ಣೀರನ್ನೂ ನೆನೆಯಬೇಕಾಗುವದು. ಶ್ರವಣಬೆಳಗೊಳದ ಕಟ್ಟಳೆಯಲ್ಲಿಯೂ ಕಾವಲಿನ ಹಣವು ಕಾವಲು ಬೇಡಿದವರ ಮನೆಗಳಿಂದಲೇ ಬಂದಿತು. ಹಳೇಬೀಡಿನ ಒಪ್ಪಂದದಲ್ಲಿಯೂ ಜೈನರು ತಮ್ಮ ಗುಡಿಯಲ್ಲಿ ಮೊದಲು ಪರರ ಮರ್ಯಾದೆಯನ್ನು ಸಲ್ಲಿಸಬೇಕಾಯಿತು. ಮೊದಲು ಹೇಳಿದ ಆ ಪ್ರಧಾನ ಅಪ್ರಧಾನ ಭಾವವು ಅಲ್ಲಿ ಇನ್ನೂ ಅಳಿದಿರಲಿಲ್ಲ. ಅವು ಸಹಬಾಳ್ವೆಯ ಹಾದಿಯಲ್ಲಿ ನೆಟ್ಟ ಕಲ್ಲುಗಳು. ಅದರ ಕೊನೆಯ ಊರಲ್ಲ.

ಇನ್ನೊಂದು ಭ್ರಮೆಯನ್ನೂ ನಿವಾರಿಸುವದು ಅವಶ್ಯ. ಸದ್ದಿಲ್ಲದಿರುವದೇ ಶಾಂತಿಯೆಂದು ಕೆಲವರು ತಿಳಿದಿರುವರು. ಹಿಂದಿನ ಕಾಲದ ಹಳ್ಳಿಗಳಲ್ಲಿ ಎಷ್ಟು ಸೌಹಾರ್ದವಿತ್ತೆಂದು ಹಿರಿಯರು ವರ್ಣಿಸುವರು. ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗುತ್ತಿದ್ದುದು ನಿಜ. ಮುಸಲ್ಮಾನರ ಮನೆಯಿಲ್ಲದ ಊರಿನಲ್ಲಿಯೂ ಮೊಹರಮಿನ ದೇವರನ್ನು ಕೂಡಿಸುವ ಪದ್ಧತಿಯು ಉತ್ತರದ ಜಿಲ್ಲೆಗಳಲ್ಲಿರುವದೂ ನಿಜ. ಆದರೆ ಅದೇ ಹಳ್ಳಿಗಳಲ್ಲಿ ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟವರು ಊರ ಬಾವಿಯ ಕಟ್ಟೆಯನ್ನು ಹತ್ತುವಂತಿರಲಿಲ್ಲ. ಅವರು ಮೌನವಾಗಿದ್ದುದರಿಂದ ಊರು ಶಾಂತವಾಗಿತ್ತು. ಬಾಯಾರಿದವನ ಮೌನವನ್ನು ಸಹಬಾಳ್ವೆಯೆನ್ನಬಹುದೇ? ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಶರಣರು ವಿವಾಹವನ್ನು ನೆರವೇರಿಸಿದಾಗ ಪಟ್ಟಣದ ಶಾಂತಿಯು ಕದಡಿತೆಂಬುದು ಪರಂಪರೆಯಿಂದ ಬಂದ ಚರಿತ್ರೆ. ಆ ಶಾಂತಿಯನ್ನು ಕಾಪಾಡುವದಕ್ಕಾಗಿ ಶರಣರು ಸುಮ್ಮನಿದ್ದಿದ್ದರೆ ಮಹಾಮನೆಯು ಬರಿಯ ಮನೆಯಾಗಿ ಉಳಿಯುತ್ತಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಕಾಯಿದೆಯು ಬಾವಿಗೆ ಹಾದಿಯನ್ನು ತೆರೆಯಿತು. ಹಾದಿಯಲ್ಲಿ ನಿಂತವರ ಮನಸ್ಸನ್ನು ತೆರೆಯುವ ಕಾರ್ಯವು ಗುರುಪೀಠಗಳಿಗೆ ಸೇರಿದುದು.

ಪದವು ಎಷ್ಟು ಸುಂದರವಾದರೂ ತಾನಾಗಿ ಕಾಯಲಾರದೆಂಬುದಕ್ಕೆ ಸಮೀಪಕಾಲದ ಸಾಕ್ಷಿಯೂ ಉಂಟು. 1954ರ ಏಪ್ರಿಲ್ 29ರಂದು ಭಾರತವೂ ಚೀನವೂ ಮಾಡಿಕೊಂಡ ಒಪ್ಪಂದದಲ್ಲಿ ಪಂಚಶೀಲವೆಂಬ ಐದು ತತ್ತ್ವಗಳನ್ನು ಬರೆದರು; ಐದನೆಯದು ಶಾಂತಿಯುತ ಸಹಬಾಳ್ವೆ. ದೇಶದೇಶಗಳಲ್ಲಿ ಆ ಮಾತು ಮೆರೆಯಿತು. ಆದರೆ 1962ರ ಅಕ್ಟೋಬರಿನಲ್ಲಿ ಅದೇ ಎರಡು ದೇಶಗಳಿಗೆ ಹಿಮಾಲಯದಲ್ಲಿ ಯುದ್ಧವಾಯಿತು. ಒಪ್ಪಂದದ ಹಾಳೆಯಲ್ಲಿದ್ದ ಪದವು ಎಂಟೂವರೆ ವರ್ಷಗಳೊಳಗೆ ಬರಿಯ ಮಸಿಯಾಯಿತು. ಇದರಿಂದ ಪದವು ಸುಳ್ಳೆಂದು ತಿಳಿಯತಕ್ಕದ್ದಲ್ಲ. ಆಚರಣೆಯಿಲ್ಲದ ಪದವು ಪ್ರಾಣವಿಲ್ಲದ ಅಂಗದಂತೆಂದು ತಿಳಿಯತಕ್ಕದ್ದು.

ಆ ಆಚರಣೆಯನ್ನು ಎಲ್ಲಿ ಹುಡುಕುವದು? ಮಠಗಳ ಪರಂಪರೆಯಲ್ಲಿ ಅದಕ್ಕೆ ದಾಸೋಹವೆಂದು ಹೆಸರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ನಡೆಸಿದುದು ಲೋಕವಿದಿತ. ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಕೊಪ್ಪರಿಗೆಯ ಸಾರನ್ನುಂಡ ಬಾಲಕನಿಗೆ ಸಹಬಾಳ್ವೆಯ ವ್ಯಾಖ್ಯಾನವನ್ನು ಬೇರೆ ಹೇಳಬೇಕಾದುದಿಲ್ಲ. ಪಕ್ಕದಲ್ಲಿ ಕುಳಿತವನ ಹಸಿವು ತನ್ನ ಹಸಿವಿನಂತೆಯೇ ಇರುವದೆಂಬುದು ಅವನಿಗೆ ತಾನಾಗಿ ತಿಳಿದಿರುವದು. ಆ ಸಾರಿನಲ್ಲಿಯೂ ಉಪ್ಪು, ಹುಳಿ, ಖಾರಗಳು ಬೇರೆಬೇರೆಯಾಗಿಯೇ ನಾಲಿಗೆಗೆ ತಿಳಿಯುವವು. ಒಂದು ಹೆಚ್ಚಾದರೆ ಎಲ್ಲವೂ ಕೆಡುವದು.

ಆದಕಾರಣ ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತರು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕ ಮಾತಿಷ್ಟೆ. ಶಿವನೊಡನೆ ಸಾಮರಸ್ಯ, ನೆರೆಯವನೊಡನೆ ಸಹಬಾಳ್ವೆ. ಒಂದನ್ನು ಸಾಧಿಸುವೆನೆಂದು ಇನ್ನೊಂದನ್ನು ಬಿಟ್ಟವನಿಗೆ ಎರಡೂ ದೊರೆಯವು. ‘ಅವರು ಸಹ ಇರಲಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ‘ಒಡನೆ ಬಾಳುವದು’ ಎಂದು ತಿದ್ದಿಕೊಳ್ಳುವದು ವ್ಯಾಕರಣಕ್ಕೂ ಧರ್ಮಕ್ಕೂ ಸಮ್ಮತ. ತನ್ನವನು ಪರರ ಕಂಬದ ಮೇಲೆ ತನ್ನ ಮುದ್ರೆಯನ್ನು ಒತ್ತಿದ ದಿನ, ಹಳೇಬೀಡಿನ ಹಿರಿಯರಂತೆ ಮೊದಲು ತನ್ನವನನ್ನು ಕರೆದು ಕೇಳುವ ಧೈರ್ಯವು ಪ್ರತಿಯೊಂದು ಊರಿನ ಹಿರಿಯರಿಗೂ ಬರಲಿ. ಶತ್ರುಸಮಾಸವೆನಿಸಿಕೊಂಡ ಪದವೇ ಮಿತ್ರಭಾವವನ್ನು ಹೊತ್ತು ನಿಂತಿರುವಾಗ, ಶತ್ರುಗಳೆನಿಸಿಕೊಂಡ ಮನುಷ್ಯರಿಗೆ ಅದು ಅಸಾಧ್ಯವೆಂದು ಹೇಳುವದಕ್ಕೆ ಕಾರಣವಿಲ್ಲ.

ಶ್ರೀಮಠದ ದಾಸೋಹವು ನಿರಂತರವಾಗಿ ನಡೆಯಲಿ. ಅದರ ಪಂಕ್ತಿಯು ದಿನದಿನಕ್ಕೆ ಉದ್ದವಾಗಲಿ. ಸಕಲ ಜೀವರಿಗೂ ಮಂಗಳವಾಗಲಿ.